ಅಪ್ಪ ಬೆಸೆದ ಚೋಕ್ ತಂತಿ

೧೯೩೭ರಲ್ಲಿ ನಾನು ಮೆಟ್ಟೂರಿನಲ್ಲಿ, ಮೀನು ಸಾಕಣೆಗೆ ಸಂಬಂಧಿಸಿದ ಒಂದು ಸಣ್ಣ ಕಚೇರಿಯಲ್ಲಿ ಡ್ರೈವರ್ ಆಗಿದ್ದೆ. ನೇಮಕದ ಕಾಗದದಲ್ಲಿ ಮಾದೇವ ಎಂಬ ನನ್ನ ಹೆಸರಿನ ಮುಂದೆ ‘ಮೋಟಾರ್ ಡ್ರೈವರ್ ಮತ್ತು ಮೆಕ್ಯಾನಿಕ್’ ಎಂದು ಬರೆದಿತ್ತು. ಆ ಕೊನೆಯ ಪದ ಕಂಡು ಬಹಳ ಹಿಗ್ಗಿದ್ದೆ. ಗಾಡಿಯನ್ನು ನೋಡಿದ ಮೇಲೆ ಅದನ್ನು ಯಾಕೆ ಸೇರಿಸಿದ್ದಾರೆಂದು ತಿಳಿಯಿತು. ಬಟ್ಟೆಯ ಹುಡ್ ಇದ್ದ, ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಿ ಎಬ್ಬಿಸಬೇಕಾದ ಹಳೆಯ ಟೂರರ್ ಕಾರು ಅದು. ಮೂವರು ಸಾಹೇಬರ ಕೈ ದಾಟಿ ನಮ್ಮ ಪಾಲಿಗೆ ಬಂದಿತ್ತು. ಓಡುವುದಕ್ಕಿಂತ ನಿಲ್ಲುವುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ನನ್ನ ಮೇಲಧಿಕಾರಿ ಬಂಗೇರರು ಮಂಗಳೂರು ಕಡೆಯವರು, ಕಡಲ ದಂಡೆಯಲ್ಲಿ ಬಲೆ ಎಳೆಯುತ್ತಿದ್ದ ಮನೆತನದಲ್ಲಿ ಹುಟ್ಟಿ ಮದರಾಸಿನಲ್ಲಿ ಓದಿದವರು. ನಾನು ಸೇಲಂ ಪೇಟೆಯ ನೇಕಾರರ ಮಗ. ಮನೆಯಲ್ಲಿ ಆಡುವುದು ಕನ್ನಡವಾದರೂ ಶಾಲೆಯಲ್ಲಿ ಕಲಿತದ್ದು ತಮಿಳು. ನನ್ನ ಕನ್ನಡ ಕೇಳಿ ಅವರು ನಗುತ್ತಿದ್ದರು, ಅವರ ಕನ್ನಡ ಕೇಳಿ ನಾನು ಒಳಗೊಳಗೇ ನಗುತ್ತಿದ್ದೆ. ಆದರೂ ಮಧ್ಯಾಹ್ನದ ಬಿಡುವಿನಲ್ಲಿ ಲಾಗ್ ಪುಸ್ತಕದ ಹಿಂದಿನ ಹಾಳೆಯ ಮೇಲೆ ನನಗೆ ಕನ್ನಡದ ಅಕ್ಷರ ತಿದ್ದಿಸಿದವರು ಅವರೇ. ಇಂದು ಇದನ್ನು ಬರೆಯಲು ಬರುತ್ತಿರುವುದು ಅವರ ದಯೆಯಿಂದ.

ನಮ್ಮ ಕೆಲಸವೆಂದರೆ ಬೆರಳಿನ ಗೆಣ್ಣಿನಷ್ಟುದ್ದದ ಗೆಂಡೆ ಮೀನಿನ ಮರಿಗಳನ್ನು ಮೆಟ್ಟೂರಿನಿಂದ ಒಯ್ದು ಹಳ್ಳಿಗಳ ಕೆರೆಗೆ ಬಿಡುವುದು. ದೊಡ್ಡ ಬಾಯಿಯ ಮಣ್ಣಿನ ಮಡಕೆಗಳಲ್ಲಿ ನೀರು ತುಂಬಿ, ಮರಿಗಳನ್ನು ಬಿಟ್ಟು, ಒದ್ದೆ ಬಟ್ಟೆಯನ್ನು ಸಡಿಲವಾಗಿ ಹೊದಿಸಿ, ಹುಲ್ಲು ಒತ್ತಿಟ್ಟು ಕಾರಿನ ಹಿಂಭಾಗದಲ್ಲಿ ಕೂರಿಸುತ್ತಿದ್ದೆವು. ಇದರಲ್ಲಿ ಒಂದು ವಿಚಿತ್ರವಿತ್ತು. ಗಾಡಿ ಕುಲುಕುತ್ತಿರುವವರೆಗೆ ಮಡಕೆಯ ನೀರೂ ಕುಲುಕುತ್ತದೆ, ಕುಲುಕುವ ನೀರಿಗೆ ಗಾಳಿ ಸೇರುತ್ತದೆ, ಮರಿಗಳು ಉಸಿರಾಡುತ್ತವೆ. ಗಾಡಿ ನಿಂತರೆ ನೀರು ನಿಲ್ಲುತ್ತದೆ. ಹತ್ತು ನಿಮಿಷ ಹಾಗೇ ಬಿಟ್ಟರೆ ಮರಿಗಳು ಮೇಲೆ ಬಂದು ಬಾಯಿ ತೆರೆಯತೊಡಗುತ್ತವೆ. ಬೇರೆ ಡ್ರೈವರುಗಳು ರಸ್ತೆ ನುಣ್ಣಗಿರಲಿ ಎಂದು ದೇವರಿಗೆ ಕೈ ಮುಗಿದರೆ ನಾನು ಹಳ್ಳ ಗುಂಡಿ ಇರಲಿ ಎಂದು ಮುಗಿಯುತ್ತಿದ್ದೆ.

ಆ ವರ್ಷ ಅದಿಯಮಾನ್‌ಕೋಟೆಯ ಹತ್ತಿರದ ಒಂದು ಕೆರೆಗೆ ಮರಿ ಬಿಡಬೇಕಿತ್ತು. ಎರಡು ಸಲ ಹೊರಟಿದ್ದೆವು. ಎರಡು ಸಲವೂ ದಾರಿಯಲ್ಲಿ ಗಾಡಿ ಕೈಕೊಟ್ಟು, ಊರು ಮುಟ್ಟುವಷ್ಟರಲ್ಲಿ ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಂಗೇರರಿಗೆ ಮದರಾಸಿನಿಂದ ಕಾಗದ ಬಂತು. ಮೂರನೆಯ ಸಲವೂ ಹೀಗಾದರೆ ಧರ್ಮಪುರಿ ಕಡೆಯ ಕೆರೆಗಳ ಯೋಜನೆಯನ್ನು ಕೈಬಿಡಬೇಕು, ಅವರು ಮದರಾಸಿಗೆ ಹಿಂದಿರುಗಿ ಮೇಜಿನ ಕೆಲಸ ನೋಡಬೇಕು ಎಂದಿತ್ತು. ಎರಡು ವರ್ಷ ಅವರು ಆ ಕೆರೆಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, ನೀರಿನ ಆಳ ಅಳೆದು, ಊರಿನವರನ್ನು ಒಪ್ಪಿಸಿದ್ದರು. ಆ ಕಾಗದ ಓದಿದ ದಿನ ಅವರು ಊಟ ಬಿಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಗಾಡಿ ನನ್ನದು, ಆದ್ದರಿಂದ ತಪ್ಪೂ ನನ್ನದು ಎಂದು ನನಗೆ ಬಹಳ ಸಂಕಟವಾಗಿತ್ತು.

ಗಾಡಿಯ ರೋಗ ಇಷ್ಟೇ. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕು, ಗಾಳಿ ಕಡಿಮೆ ಬೇಕು. ಅದಕ್ಕಾಗಿ, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬ್ಯುರೇಟರಿನ ಬಾಯಿಗೆ ತಗಡಿನ ಒಂದು ಮುಚ್ಚಳವಿರುತ್ತದೆ. ಇದೇ ಚೋಕ್. ಡ್ರೈವರ್ ತನ್ನ ಮುಂದಿನ ಹಲಗೆಯಲ್ಲಿರುವ ಗುಂಡಿಯನ್ನು ಎಳೆದರೆ ತಂತಿಯೊಂದು ಆ ಮುಚ್ಚಳವನ್ನು ಮುಚ್ಚುತ್ತದೆ. ಎಂಜಿನ್ ಕಾದಂತೆಲ್ಲ ಗುಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಒತ್ತಬೇಕು, ಆಗ ಸ್ಪ್ರಿಂಗ್ ಮುಚ್ಚಳವನ್ನು ತೆರೆಯುತ್ತದೆ. ಬೇಗ ಒತ್ತಿದರೆ ಗಾಡಿ ನಿಂತುಹೋಗುತ್ತದೆ, ಒತ್ತುವುದನ್ನೇ ಮರೆತರೆ ಪೆಟ್ರೋಲ್ ಕುಡಿದು ಉಸಿರು ಕಟ್ಟಿ ನಿಲ್ಲುತ್ತದೆ. ನಮ್ಮ ಗಾಡಿಯ ತಂತಿ ಕಾರ್ಬ್ಯುರೇಟರ್ ಹತ್ತಿರ ತುಂಡಾಗಿ, ನಡುವಿನ ಒಂದು ಗೇಣು ಎಲ್ಲೋ ರಸ್ತೆಯಲ್ಲಿ ಬಿದ್ದುಹೋಗಿತ್ತು. ಹೊಸದಕ್ಕೆ ಬರೆದು ಎರಡು ತಿಂಗಳಾಗಿತ್ತು. ಅಲ್ಲಿಯವರೆಗೆ ಪ್ರತಿ ಬೆಳಿಗ್ಗೆ ಬಾನೆಟ್ಟಿನ ಎಡಬದಿ ತೆರೆದು, ಮುಚ್ಚಳದ ಸನ್ನೆಕೋಲನ್ನು ಒಂದು ಕೊಕ್ಕೆಯಿಂದ ಹಿಡಿದು ನಿಲ್ಲಿಸಿ, ಹ್ಯಾಂಡಲ್ ಹೊಡೆದು, ಗಾಡಿ ಎದ್ದ ಮೇಲೆ ಕೊಕ್ಕೆ ಕಳಚಿ, ಮುಚ್ಚಳವನ್ನು ಕೈಯಿಂದಲೇ ಸಡಿಲಿಸುತ್ತಿದ್ದೆ. ದಾರಿಯಲ್ಲಿ, ಎಂಜಿನ್ ಪೂರ್ತಿ ಕಾಯುವ ಮೊದಲು ಅದು ಮುಗ್ಗರಿಸಿದರೆ ಎಳೆಯಲು ಗುಂಡಿಯಿಲ್ಲ. ಹಿಂದಿನ ಎರಡು ಸಲವೂ ನಿಂತದ್ದು ಹಾಗೆಯೇ.

ಮೂರನೆಯ ಪ್ರಯಾಣಕ್ಕೆ ನವೆಂಬರ್ ತಿಂಗಳ ಒಂದು ದಿನ ಗೊತ್ತಾಯಿತು. ಅದಕ್ಕೆ ಮೂರು ದಿನ ಮೊದಲು ಅಪ್ಪ ಸೇಲಂನಿಂದ ಬಂದು ನನ್ನ ಕೊಠಡಿಯಲ್ಲಿ ಇಳಿದುಕೊಂಡ. ನನ್ನನ್ನು ಮತ್ತೆ ಮಗ್ಗಕ್ಕೆ ಕೂರಿಸುವುದು ಅವನ ಉದ್ದೇಶ. ಅದನ್ನು ನೇರವಾಗಿ ಹೇಳುವ ಜಾಯಮಾನ ಅವನದಲ್ಲ. ‘ನಿನ್ನ ಮಗ್ಗದ ಮೇಲೆ ಈಗ ಬೆಕ್ಕು ಮಲಗ್ತದೆ’ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದ. ಮೀನಿನ ಮಡಕೆ ಕಂಡರೆ ಮೂಗಿಗೆ ಬಟ್ಟೆ ಹಿಡಿಯುತ್ತಿದ್ದ. ನಮ್ಮ ಮನೆಯೊಳಗೆ ಮೀನು ಬರುವ ಪದ್ಧತಿ ಇರಲಿಲ್ಲ.

“ಓಗಿ ಓಗಿ ಮೀನ್ಗೆ ಗಾಡಿ ಓಡಿಸ್ತೀಯಲ್ಲಾ. ಅದಕ್ಕೆ ಈಜಕ್ಕೆ ಬರಲ್ವಾ?” ಎಂದು ಕೇಳಿದ.

ಅಪ್ಪನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಸೊಂಟದ ಮಡಿಕೆಯಲ್ಲಿ ಗಂಜಿ ಹಾಕಿದ ನೂಲಿನ ಒಂದು ಸಣ್ಣ ಉಂಡೆ ಯಾವಾಗಲೂ ಇರುತ್ತಿತ್ತು. ನೇಕಾರರ ಕಣ್ಣಿಗೆ ತುಂಡಾದ ಎಳೆ ಬಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಮಗ್ಗದಲ್ಲಿ ಒಂದು ಎಳೆ ಹರಿದರೆ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಅದನ್ನು ಸೇರಿಸಬೇಕು. ಹಾಗೇ ಬಿಟ್ಟು ಏಳುವುದು ನಮ್ಮಲ್ಲಿ ಅಶುಭ. ಊಟಕ್ಕೆ ಕರೆದರೂ ‘ಎಳೆ ಸೇರ್ಸಿ ಬತ್ತೀನಿ’ ಎನ್ನುವವರು ನಾವು. ಹೊರಡುವ ಹಿಂದಿನ ದಿನದ ಸಂಜೆ ನಾನು ಬಂಗೇರರ ಜೊತೆ ಮರಿಗಳನ್ನು ಆರಿಸಲು ಹೋಗಿದ್ದಾಗ, ಅಪ್ಪ ಗಾಡಿ ಒರೆಸುತ್ತೇನೆಂದು ಬಟ್ಟೆ ಹಿಡಿದು ನಿಂತ. ನಾನು ಬೇಡವೆನ್ನಲಿಲ್ಲ. ಗಾಡಿ ಮುಟ್ಟುವಷ್ಟಾದರೂ ಮನಸ್ಸು ಬಂತಲ್ಲ ಎಂದು ಖುಷಿಯೇ ಆಯಿತು.

ಮರುದಿನ ಆರು ಗಂಟೆಗೆ ಮಂಜು ಬಿದ್ದು ರಸ್ತೆ ಒದ್ದೆಯಾಗಿತ್ತು. ನಾಲ್ಕು ಮಡಕೆ ಹತ್ತಿಸಿದೆವು. ಅಪ್ಪನೂ ಹಿಂದೆ ಮಡಕೆಗಳ ನಡುವೆ ಕೂತ, ಮರಿ ಬಿಟ್ಟಾದ ಮೇಲೆ ಧರ್ಮಪುರಿಯಲ್ಲಿ ಇಳಿದು ಸೇಲಂ ಬಸ್ಸು ಹಿಡಿಯುತ್ತೇನೆಂದು. ನಾನು ದಪ್ಪಗಾಗಿರುವ ಎಣ್ಣೆ ಸಡಿಲವಾಗಲಿ ಎಂದು, ಕೊಕ್ಕೆ ಹಾಕುವ ಮೊದಲು ಎಂದಿನಂತೆ ಒಮ್ಮೆ ಹ್ಯಾಂಡಲ್ ತಿರುಗಿಸಿದೆ. ಗಾಡಿ ಒಂದೇ ಸುತ್ತಿಗೆ ಎದ್ದಿತು! ಹಾಗೆ ಎದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಬಂಗೇರರು ಬಾಯಿಬಿಟ್ಟು ನೋಡಿದರು.

“ಇದಕ್ಕೆ ಎಂತ ಆಯಿತು ಮಾರಾಯ? ದೇವರು ಮೈಮೇಲೆ ಬಂದಿತಾ?”

“ಒಳ್ಳೆ ಸಕುನ ಸಾರ್, ಕೂತ್ಕೊಳಿ” ಎಂದೆ. ಹಿಂದಿನಿಂದ ಅಪ್ಪ ಗಂಟಲು ಸರಿಮಾಡಿಕೊಂಡು ಸುಮ್ಮನಾದ. ಅದು ಮಾತಾಡಬೇಕೆಂದಿರುವ ಮನುಷ್ಯನ ಗಂಟಲು ಎಂದು ನನಗೆ ಹೊಳೆಯಬೇಕಿತ್ತು. ಎದ್ದ ಗಾಡಿಯನ್ನು ನಿಲ್ಲಿಸುವ ಧೈರ್ಯ ನನಗಿರಲಿಲ್ಲ, ಬಾನೆಟ್ ತೆರೆಯದೆ ಹೊರಟುಬಿಟ್ಟೆ.

ಮೆಟ್ಟೂರಿನಿಂದ ಆ ಕೆರೆಗೆ ಮೂವತ್ತು ಮೈಲಿ ಚಿಲ್ಲರೆ. ಮೇಚೇರಿಯವರೆಗೆ ಸವಾರಿ ಮದುವೆ ದಿಬ್ಬಣದಂತೆ ಸಾಗಿತು. ಬಂಗೇರರು ತಮ್ಮೂರಿನ ಯಾವುದೋ ಪದವನ್ನು ಗುನುಗುತ್ತಿದ್ದರು. ಮೇಚೇರಿ ದಾಟಿದ ಮೇಲೆ ಎಂಜಿನ್ ಕುಂಟತೊಡಗಿತು, ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು. ಹಿಂತಿರುಗಿ ನೋಡಿದರೆ ಕರಿ ಹೊಗೆ. ತೊಪ್ಪೂರಿನ ಏರು ಹತ್ತುವಾಗ ಗಾಡಿ ಮುಗ್ಗರಿಸಿ ಮುಗ್ಗರಿಸಿ ನಡೆಯಿತು. ಗಾಡಿ ಸೋತಾಗಲೆಲ್ಲ ಬಂಗೇರರಿಗೆ ಆ ಸತ್ತ ಚೋಕ್ ಗುಂಡಿಯನ್ನು ಎಳೆಯುವ ಅಭ್ಯಾಸವಿತ್ತು, ಬಂಡಿಯಲ್ಲಿ ಕೂತವರು ಎತ್ತಿಗೆ ‘ಹೈ’ ಎನ್ನುವ ಹಾಗೆ. ಅಂದೂ ಎಳೆದರು. ಎಂಜಿನ್ ಒಂದು ಸಲ ಕೆಮ್ಮಿ ನಿಂತೇ ಹೋಯಿತು.

ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡಲ್ ತಿರುಗಿಸಿದೆ. ಏನೂ ಇಲ್ಲ. ಮಡಕೆಗಳಲ್ಲಿ ನೀರು ಅಲುಗಾಡದೆ ನಿಂತಿತು. ಬಂಗೇರರು ಹಿಂದಕ್ಕೆ ಹಾರಿ ಎರಡು ಮಡಕೆಗಳ ಬಾಯಿ ಹಿಡಿದು ಕುಲುಕತೊಡಗಿದರು. ಇನ್ನೆರಡಕ್ಕೆ ಕೈ ಸಾಲದೆ ಅಪ್ಪನ ಮುಖ ನೋಡಿದರು.

“ಅಜ್ಜ, ನಿಮಗೆ ಆಗುವುದಿಲ್ಲ ಅಂತ ಗೊತ್ತುಂಟು. ಆದರೂ ಆ ಎರಡನ್ನು ಹಿಡಿಯುತ್ತೀರಾ? ಇಲ್ಲದಿದ್ದರೆ ಇವು ಸಾಯ್ತವೆ.”

ಅಪ್ಪ ಒಂದು ಕ್ಷಣ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ತೋಳು ಮೇಲೇರಿಸಿ ಮಡಕೆ ಹಿಡಿದ. ಕುಲುಕಿದ ರಭಸಕ್ಕೆ ನೀರು ಎದೆಗೆಲ್ಲ ಹಾರುತ್ತಿತ್ತು. “ಸೀಕ್ರ ಪಾರುಡಾ!” ಎಂದು ನನಗೆ ತಮಿಳಿನಲ್ಲಿ ಕೂಗಿದ, ಬೇಗ ನೋಡೋ ಎಂದು. ಗಾಬರಿಯಾದಾಗ ಅವನಿಗೆ ತಮಿಳೇ ಬರುತ್ತಿತ್ತು.

ನಾನು ಬಾನೆಟ್ಟಿನ ಬಲಬದಿ ತೆರೆದೆ. ಆ ಕಾಲದ ಬಾನೆಟ್ ನಡುವೆ ಮಡಚಿ ಎರಡು ಬದಿಗೆ ತೆರೆಯುವಂಥದ್ದು, ಕಿಡಿ ಹಾರಿಸುವ ಪ್ಲಗ್ಗುಗಳು ಬಲಕ್ಕೆ, ಕಾರ್ಬ್ಯುರೇಟರ್ ಎಡಕ್ಕೆ. ಪ್ಲಗ್ ಬಿಚ್ಚಿದರೆ ನಾಲ್ಕೂ ಒದ್ದೆ, ನಾಲ್ಕೂ ಮಸಿ. ಅಪ್ಪನ ಹೆಗಲ ಬಟ್ಟೆಯಲ್ಲೇ ಒರೆಸಿ ಹಾಕಿ ಹ್ಯಾಂಡಲ್ ಹೊಡೆದೆ. ಎದ್ದಿತು, ಕರಿ ಹೊಗೆ ಉಗುಳಿತು, ಮತ್ತೆ ಸತ್ತಿತು. ಒದ್ದೆ ಪ್ಲಗ್ ಎಂದರೆ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ, ಹೆಚ್ಚಾಗುವುದು ಚೋಕ್ ಮುಚ್ಚಿದ್ದರೆ. ಆದರೆ ನಮ್ಮ ಚೋಕಿಗೆ ತಂತಿಯೇ ಇಲ್ಲ, ಅದು ತೆರೆದೇ ಇರಬೇಕು. ಈ ಲೆಕ್ಕ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಎಡಬದಿ ತೆರೆದು ನೋಡುವ ಯೋಚನೆಯೇ ಬರಲಿಲ್ಲ. ಎರಡನೆಯ ಸಲ ಪ್ಲಗ್ ಬಿಚ್ಚಿ ಒರೆಸಲು ಹೊರಟೆ. ಕಾಲು ಗಂಟೆ ಹೀಗೆ ಹಾಳಾಯಿತು.

“ಮಾದೇವ, ಇದರಲ್ಲಿ ಮೇಲೆ ಬರುವುದಕ್ಕೆ ಶುರುಮಾಡಿದವು” ಎಂದರು ಬಂಗೇರರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರ ದನಿ ಅಷ್ಟು ಮೆಲ್ಲಗಿತ್ತು. “ಆ ಗುಂಡಿ ಇವತ್ತು ಯಾಕೋ ಬಿಗಿಯಾಗಿತ್ತು ಮಾರಾಯ. ದಿನಾ ಹಾಗೇ ಕೈಗೆ ಬರುತ್ತಿತ್ತು.”

ಅಷ್ಟು ಕೇಳಿದ್ದೇ ನಾನು ಎಡಬದಿಗೆ ಓಡಿ ಬಾನೆಟ್ ಎತ್ತಿದೆ. ತಂತಿ ತುಂಡಾಗಿದ್ದ ಜಾಗದಲ್ಲಿ, ಒಂದು ಗೇಣಿನ ಅಂತರಕ್ಕೆ, ಎಂಟೋ ಹತ್ತೋ ಎಳೆ ಸೇರಿಸಿ ಹೊಸೆದ ಬಿಳಿ ನೂಲು. ಎರಡು ತುದಿಯಲ್ಲೂ ಗಂಟು. ಆ ಗಂಟನ್ನು ನಾನು ಕತ್ತಲಲ್ಲಿ ಬೆರಳಿಂದ ಮುಟ್ಟಿಯೇ ಗುರುತಿಸಬಲ್ಲೆ, ಏಳು ವರ್ಷದವನಿದ್ದಾಗ ಅದನ್ನು ಹಾಕಲು ಕಲಿತಿದ್ದೆ. ಮಗ್ಗಕ್ಕೆ ಹೂಡಿದ ಎಳೆ ಸಡಿಲ ಇರಬಾರದಲ್ಲ, ಅಪ್ಪ ಅದನ್ನೂ ಬಿಗಿಯಾಗಿ ಎಳೆದು ಕಟ್ಟಿದ್ದ. ಆ ಬಿಗಿತಕ್ಕೆ, ಗುಂಡಿ ಪೂರ್ತಿ ಒಳಗಿದ್ದಾಗಲೂ, ಮುಚ್ಚಳ ಅರ್ಧ ಮುಚ್ಚಿಯೇ ಇತ್ತು. ತಣ್ಣನೆಯ ಗಾಡಿ ಒಂದೇ ಸುತ್ತಿಗೆ ಎದ್ದದ್ದೂ ಕಾದ ಗಾಡಿ ಉಸಿರು ಕಟ್ಟಿ ಸತ್ತದ್ದೂ ಅದರಿಂದಲೇ. ಬಂಗೇರರು ಗುಂಡಿ ಎಳೆದದ್ದು ಉಳಿದರ್ಧವನ್ನೂ ಮುಚ್ಚಿತ್ತು.

ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು ಬಂತು.

“ನಿನ್ಗ್ಯಾರು ಯೋಳಿದ್ರು ಇದನ್ನ ಮುಟ್ಟೂಂತ? ಇದೇನ್ ನಿನ್ನ ಮಗ್ಗ ಅಂದ್ಕಂಡ್ಯಾ?”

ಅಪ್ಪ ಮಡಕೆ ಕುಲುಕುವುದನ್ನು ನಿಲ್ಲಿಸಲಿಲ್ಲ. ಮುಖ ಮಾತ್ರ ಸಣ್ಣದಾಯಿತು. “ಎಳೆ ತುಂಡಾಗಿತ್ತು ಕಣ್ಲಾ. ನೋಡ್ಬುಟ್ಟು ಎಂಗ್ ಬಿಟ್ಟು ಓಗ್ಲಿ? ಬೆಳಿಗ್ಗೆ ಒಂದೇ ಸುತ್ತಿಗೆ ಎದ್ದಾಗ, ನನ್ನ ಗಂಟು ಕೆಲ್ಸ ಮಾಡ್ತೂಂತ... ಧರ್ಮಪುರೀಲಿ ಇಳಿಯೋವಾಗ ಯೋಳಾನಾಂತ ಇದ್ದೆ.”

ಬಂಗೇರರು ನಡುವೆ ಬಾಯಿ ಹಾಕಿದರು. “ಜಗಳ ಆಮೇಲೆ ಮಾಡುವ. ಅದು ಮುಚ್ಚಿ ಉಂಟಾ, ತೆರೆದು ಉಂಟಾ?”

“ಮುಚ್ಚೈತೆ ಸಾರ್.”

“ಹಾಗಾದರೆ ಮೊದಲು ತೆಗಿ.”

ಗುಂಡಿಯನ್ನು ಒಳಗೆ ತಳ್ಳಿದರೂ ಅರ್ಧದ ಮುಚ್ಚಳ ಹಾಗೇ ಇರುತ್ತದೆ, ಗಂಟನ್ನೇ ಬಿಡಿಸಬೇಕು. ಎಣ್ಣೆ ಹತ್ತಿದ ನನ್ನ ಬೆರಳುಗಳು ಜಾರುತ್ತಿದ್ದವು, ಸ್ಪ್ಯಾನರ್ ಸಂದಿಯೊಳಗೆ ಹೋಗದು. ಚಾಕು ಹುಡುಕಿದರೆ ಅದು ಮೆಟ್ಟೂರಿನಲ್ಲೇ ಉಳಿದಿತ್ತು. ಅಪ್ಪ ಇಳಿದು ಬಂದು ನನ್ನನ್ನು ಪಕ್ಕಕ್ಕೆ ಸರಿಸಿದ. “ನೀನೋಗಿ ಮಡ್ಕೆ ಇಡ್ಕೊ” ಎಂದವನೇ, ಬಿಸಿ ಎಂಜಿನ್ನಿನೊಳಕ್ಕೆ ತಲೆ ಹಾಕಿ ನೂಲನ್ನು ಹಲ್ಲಿನಿಂದ ಕಡಿದ. ಮಗ್ಗದಲ್ಲಿ ಕತ್ತರಿ ದೂರವಿದ್ದಾಗ ನಾವು ಮಾಡುವುದು ಹಾಗೆಯೇ. ಟಪ್ಪನೆ ಮುಚ್ಚಳ ತೆರೆದುಕೊಂಡಿತು. ತಲೆ ಹೊರಗೆ ತೆಗೆದಾಗ ಕೆನ್ನೆಯ ಮೇಲೆ ಬಿಸಿ ತಗಡಿನ ಒಂದು ಕೆಂಪು ಗೆರೆ ಎದ್ದಿತ್ತು.

ಪ್ಲಗ್ಗುಗಳನ್ನು ಮತ್ತೆ ಒರೆಸಿದೆ. ತುಂಬಿದ್ದ ಪೆಟ್ರೋಲ್ ಹೊರಗೆ ಹೋಗಲೆಂದು ಬಂಗೇರರು ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದರು, ಅಪ್ಪ ಮಡಕೆಗೆ ಮರಳಿದ, ನಾನು ಹ್ಯಾಂಡಲ್ ಹೊಡೆದೆ. ಏಳನೆಯದೋ ಎಂಟನೆಯದೋ ಸುತ್ತಿಗೆ ಗಾಡಿ ಕರಿ ಹೊಗೆಯನ್ನೆಲ್ಲ ಕಕ್ಕಿ, ಗುಡ್ಡ ಪ್ರತಿಧ್ವನಿಸುವಂತೆ ಗರ್ಜಿಸಿತು. ಅಲ್ಲಿಂದ ಎಲ್ಲೂ ನಿಲ್ಲಲಿಲ್ಲ. ರಸ್ತೆಯಲ್ಲಿ ಕಂಡ ಗುಂಡಿಗಳಿಗೆಲ್ಲ ನಾನು ಬೇಕೆಂದೇ ಚಕ್ರ ಇಳಿಸಿದೆ.

ಸ್ವಲ್ಪ ದೂರ ಹೋದ ಮೇಲೆ ಅಪ್ಪನೇ ಕೇಳಿದ, ಆ ಮುಚ್ಚಳ ಏನು ಮಾಡುತ್ತದೆ ಎಂದು. ಹೇಳಿದೆ. ಅವನು ಮಡಕೆ ಕುಲುಕುತ್ತಲೇ ಯೋಚಿಸಿದ.

“ಇದು ಗಂಜಿ ಲೆಕ್ಕ ಅಲ್ವೇನ್ಲಾ? ಬೆಳಿಗ್ಗೆ ಪನಿ ಬೀಳೋವಾಗ ಬೀದೀಲಿ ಪಾವು ಆಸ್ತೀವಿ, ಆಗ ಗಟ್ಟಿ ಗಂಜಿ ಬೇಕು. ವೆಯಿಲು ಏರ್ದಂಗೆಲ್ಲ ನೀರು ಬೆರೆಸ್ತಾ ಓಗ್ಬೇಕು. ಗಟ್ಟೀನೇ ಬಳಿದ್ರೆ ಎಳೆ ಒಂದಕ್ಕೊಂದು ಅಂಟ್ಕಂಡು ಪಾವೇ ಆಳಾಯ್ತದೆ. ಇಷ್ಟು ಯೋಳಿದ್ರೆ ನಾನು ಸಡಿಲ ಬಿಟ್ಟೇ ಕಟ್ತಿದ್ನಲ್ಲ.”

ಪನಿ ಎಂದರೆ ಇಬ್ಬನಿ, ವೆಯಿಲು ಎಂದರೆ ಬಿಸಿಲು, ಪಾವು ಎಂದರೆ ಮಗ್ಗಕ್ಕೆ ಹೂಡುವ ಉದ್ದದ ನೂಲು. ಅದನ್ನು ಬೀದಿಯುದ್ದಕ್ಕೂ ಹಾಸಿ ಗಂಜಿ ಬಳಿಯುವುದನ್ನು ನೋಡುತ್ತಲೇ ನಾನು ಬೆಳೆದವನು. ಚೋಕ್ ಎಂದರೇನೆಂದು ನಾನು ಲೈಸೆನ್ಸಿಗಾಗಿ ಆರು ತಿಂಗಳು ಕಲಿತಿದ್ದೆ. ಅಪ್ಪನಿಗೆ ಅದು ಎರಡು ಮೈಲಿಯಲ್ಲಿ ತಿಳಿದಿತ್ತು. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಬಂಗೇರರ ಮುಂದೆ ಬೈದದ್ದು ತಪ್ಪಾಯಿತು ಎಂದೆ. ಅವನು, “ರಸ್ತೆ ನೋಡ್ಕಂಡ್ ಓಡ್ಸು” ಎಂದ.

ಕೆರೆಯ ಏರಿಯ ಮೇಲೆ ಊರಿನ ಹಿರಿಯ ತಿಮ್ಮೇಗೌಡ ಹತ್ತು ಹದಿನೈದು ಜನರೊಡನೆ ಕಾದಿದ್ದ. ಮಡಕೆಗಳನ್ನು ಇಳಿಸಿ ಬಂಗೇರರು ಬಟ್ಟೆ ಸರಿಸಿದರು. ಒಂದರಲ್ಲಿ ಹತ್ತಿಪ್ಪತ್ತು ಮರಿ ಹೋಗಿದ್ದವು. ಮಿಕ್ಕ ಮೂರರಲ್ಲಿ ಎಲ್ಲವೂ ಮಿರಮಿರ ಓಡಾಡುತ್ತಿದ್ದವು. ಬಂಗೇರರು ಮಡಕೆಗಳನ್ನು ಕೆರೆಯ ನೀರಿನಲ್ಲಿ ಅರ್ಧ ಮುಳುಗಿಸಿ, ಹೊಸ ನೀರನ್ನು ಬೊಗಸೆಯಿಂದ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟರು. ಆಮೇಲೆ ಮಡಕೆ ಓರೆ ಮಾಡಿದರು. ಮರಿಗಳು ಒಂದೊಂದೇ ಗುಂಪಾಗಿ ಹೊರಗೆ ಜಾರಿದವು.

“ಇಷ್ಟು ಪುಟ್ಟವಾ? ನಾನು ಕುಯ್ಯೋ ಮೀನು ತತ್ತೀರಾಂತ ಕತ್ತಿ ತಂದಿವ್ನಿ” ಎಂದ ತಿಮ್ಮೇಗೌಡ.

“ಬರುವ ವರ್ಷ ತನ್ನಿ ಗೌಡರೇ, ದೊಡ್ಡ ಕತ್ತಿಯನ್ನೇ ತನ್ನಿ” ಎಂದು ಬಂಗೇರರು ನಕ್ಕರು. ಮೊಣಕಾಲುದ್ದ ನೀರಿನಲ್ಲಿ ನಿಂತೇ ಅಳುತ್ತಲೂ ಇದ್ದರು. ಅಪ್ಪ ಕೊನೆಯ ಮಡಕೆಯನ್ನು ತಾನೇ ಓರೆ ಮಾಡುತ್ತೇನೆಂದು ಇಸಿದುಕೊಂಡ. ಮೂಗಿಗೆ ಬಟ್ಟೆ ಹಿಡಿಯುವುದು ಅವನಿಗೆ ಮರೆತುಹೋಗಿತ್ತು.

ಅವನು ಧರ್ಮಪುರಿಯಲ್ಲಿ ಇಳಿಯಲಿಲ್ಲ. ನಮ್ಮ ಜೊತೆ ಮೆಟ್ಟೂರಿಗೆ ಮರಳಿ, ಮರುದಿನ ಬೆಳಿಗ್ಗೆ ಬಾನೆಟ್ ತೆರೆಸಿ, ಮುಚ್ಚಳ ಪೂರ್ತಿ ತೆರೆದಿದೆಯೇ ಎಂದು ನನ್ನನ್ನು ಮೂರು ಸಲ ಕೇಳಿ, ಹೊಸ ನೂಲು ಹೊಸೆದು ಕಟ್ಟಿದ. ನೂಲು ಎಳೆಯಬಲ್ಲದು, ತಳ್ಳಲಾರದು. ತಳ್ಳುವ ಕೆಲಸ ಸ್ಪ್ರಿಂಗಿನದು, ಹಾಗಾಗಿ ತೊಂದರೆಯಿಲ್ಲ. ಮುಂದಿನ ಸೀಟಿನಲ್ಲಿ ಕೂತು ತಾನೇ ಗುಂಡಿ ಎಳೆದ. ನಾನು ಹ್ಯಾಂಡಲ್ ಹೊಡೆದೆ. ಎದ್ದ ಮೇಲೆ ಅವನು ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಒಳಗೆ ಬಿಟ್ಟ. ಎಂಜಿನ್ ಒಂದು ಸಲವೂ ಮುಗ್ಗರಿಸಲಿಲ್ಲ. ಅಷ್ಟು ಹದವಾಗಿ ಚೋಕ್ ಬಿಟ್ಟವರನ್ನು ಈ ಮೂವತ್ತೈದು ವರ್ಷದಲ್ಲಿ ನಾನು ಕಂಡಿಲ್ಲ. ಹೊರಡುವಾಗ ನೂಲಿನ ಉಂಡೆಯನ್ನು ನನ್ನ ಕೈಗಿಟ್ಟ. ಮಗ್ಗದ ಮಾತು ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ. ಸೇಲಂನ ನಮ್ಮ ಬೀದಿಯಲ್ಲಿ ಮಾತ್ರ, ಸರ್ಕಾರದ ಮೋಟಾರು ಓಡುವುದು ತನ್ನ ಗಂಟಿನಿಂದ ಎಂದು ಹೇಳಿಕೊಂಡು ತಿರುಗಿದನಂತೆ.

ಬಂಗೇರರು ಅಲ್ಲೇ ಉಳಿದರು. ಆ ಸೀಸನ್ನಿನಲ್ಲಿ ಇನ್ನೂ ಆರು ಕೆರೆಗಳಿಗೆ ಮರಿ ಬಿಟ್ಟೆವು. ಹೊಸ ತಂತಿ ಮಾರ್ಚ್ ತಿಂಗಳಲ್ಲಿ ಬಂತು. ರಿಜಿಸ್ಟರಿನಲ್ಲಿ ಬರೆದುಕೊಂಡು ಪೆಟ್ಟಿಗೆಯಲ್ಲಿಟ್ಟೆ. ಗಾಡಿ ಹರಾಜಾಗುವವರೆಗೆ ಓಡಿದ್ದು ನೂಲಿನ ಮೇಲೆಯೇ, ಎರಡು ತಿಂಗಳಿಗೊಮ್ಮೆ ಬದಲಿಸುತ್ತಿದ್ದೆ.

ಗಾಡಿ ಕೆಟ್ಟಾಗ ಯಾಕೆ ಎಂದು ಯಾರಾದರೂ ಕೇಳುತ್ತಾರೆ. ಎಂದೂ ಏಳದ ಗಾಡಿ ಒಂದೇ ಸುತ್ತಿಗೆ ಎದ್ದಾಗ ನಾನೂ ಯಾಕೆ ಎಂದು ಕೇಳಬೇಕಿತ್ತು. ಕೇಳಿದ್ದರೆ ಹಿಂದೆ ಕೂತಿದ್ದ ಮುದುಕ ಹಿಗ್ಗಿನಿಂದ ಅಲ್ಲೇ ಹೇಳುತ್ತಿದ್ದ, ತೊಪ್ಪೂರಿನಲ್ಲಿ ಅವನ ಕೆನ್ನೆ ಸುಡುತ್ತಿರಲಿಲ್ಲ. ಆಮೇಲಿನ ಕೆಲಸದಲ್ಲೆಲ್ಲ, ಗಾಡಿ ತಾನಾಗಿ ಸರಿಹೋಯಿತೆಂದು ಯಾರಾದರೂ ಸಂತೋಷದಿಂದ ಹೇಳಿದರೆ ನಾನು ಮೊದಲು ಬಾನೆಟ್ ಎತ್ತುತ್ತಿದ್ದೆ. ಆಮೇಲೆ ಹಿಂತಿರುಗಿ, ಇದಕ್ಕೆ ಯಾರು ಕೈ ಹಾಕಿದಿರಿ, ಚೆನ್ನಾಗಿ ಮಾಡಿದ್ದೀರಿ, ಹೇಳಿ ಎನ್ನುತ್ತಿದ್ದೆ.